ಚಪ್ಪಲಿ ಹೂವಿನ ನಾಮಕರಣ

ಪುಟ್ಟಸ್ವಾಮಿ ಗೌಡರ ಪಾಲಿಗೆ ಹೂವೆಂದರೆ ಒಂದೇ. ಮಾರ್ಚಿನಲ್ಲಿ ಹದವಾಗಿ ಒಂದು ಮಳೆ ಬಿದ್ದ ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗಾಗುವಂತೆ ಬಿಡುವ ಕಾಫಿ ಹೂವು. ಅದು ಎರಡು ಮೂರು ದಿನ ಘಮಘಮಿಸಿ, ಬಾಡಿ, ಆಮೇಲೆ ಕಾಯಾಗಿ ಹಣ್ಣಾಗಿ ಕಣಕ್ಕೆ ಬರುತ್ತದೆ. ಕಣಕ್ಕೆ ಬಾರದ ಹೂವು ಯಾತಕ್ಕೆ ಎಂದು ಅವರು ಅರುವತ್ತೆಂಟು ವರ್ಷದಿಂದ ಕೇಳುತ್ತಲೇ ಇದ್ದರು. ಗೋಣಿಬೀಡಿನಿಂದ ಮೂರು ಮೈಲಿ ಒಳಗಿದ್ದ ಅವರ ತೋಟದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವ ಗೋಜಿಗೆ ಹೋಗದೆ ತಮ್ಮ ಪಾಡಿಗೆ ತಾವು ಹೂ ಬೆಳೆಸುತ್ತಿದ್ದವರು ಅವರ ಹೆಂಡತಿ ವಿಮಲಮ್ಮ.

ವಿಮಲಮ್ಮ ಬೆಳೆಸುತ್ತಿದ್ದದ್ದು ಸ್ಲಿಪ್ಪರ್ ಆರ್ಕಿಡ್. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೆಯ ಪಲ್ಪರ್ ಮನೆಯ ಮಗ್ಗುಲಿಗೆ ಹಸಿರು ನೆರಳುಬಲೆ ಕಟ್ಟಿಸಿ, ಮಳೆ ನೇರ ಬೀಳದ ಹಾಗೆ ಮೇಲೆ ಶೀಟು ಹೊದೆಸಿ, ಒಳಗೆ ನಲವತ್ತು ಕುಂಡ ಇಟ್ಟುಕೊಂಡಿದ್ದರು. ನಮ್ಮ ಮಲೆನಾಡಿನ ಮರಗಳ ಮೇಲೆ ಯಾರೂ ಕೇಳದೆ ಹೂ ಬಿಡುವ ಸೀತಾಳೆ ದಂಡೆಗೆ ಇದು ದೂರದ ನೆಂಟ, ಆದರೆ ಗುಣ ಬೇರೆ. ಮರ ಹತ್ತುವುದಿಲ್ಲ, ನೆಲದ ಹತ್ತಿರವೇ ಇರುತ್ತದೆ. ಬರಿಯ ಮಣ್ಣಿಗೆ ಹಾಕಿದರೆ ಉಸಿರುಗಟ್ಟಿ ಸಾಯುತ್ತದೆ. ಮರದ ತೊಗಟೆ ಚೂರು, ಇದ್ದಿಲು, ಒಂದಿಷ್ಟು ಪಾಚಿ ಬೇಕು. ಬೇರು ಒಣಗಕೂಡದು, ಹಾಗಂತ ನೀರು ನಿಲ್ಲಲೂಕೂಡದು. ಇಷ್ಟೆಲ್ಲ ಮಾಡಿದರೆ ವರ್ಷಕ್ಕೆ ಒಂದೇ ಒಂದು ಹೂ ಕೊಡುತ್ತದೆ. ಆ ಹೂವಿನ ಕೆಳಗಿನ ಎಸಳು ಪುಟ್ಟ ಪಾದರಕ್ಷೆಯ ಮೂತಿಯ ಹಾಗೆ ಚೀಲವಾಗಿ ಉಬ್ಬಿಕೊಂಡಿರುವುದರಿಂದ ಅದಕ್ಕೆ ಆ ಹೆಸರು.

ಗೌಡರು ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಯಿಂದ ಕೂಗುತ್ತಿದ್ದರು. “ವಿಮಲಾ, ಚಪ್ಪಲಿಗೆಲ್ಲ ನೀರು ಹಾಕಿ ಆಯ್ತಾ? ಎಡಗಾಲಿಂದು ಬಿಟ್ಟೋಗಿದ್ರೆ ನೋಡು.”

“ಆಯ್ತು ಕಣ್ರೀ. ನಿಮ್ದು ಎರಡನೇ ಲೋಟ ಆಯ್ತಾ? ಡಾಕ್ಟ್ರು ಒಂದೇ ಅಂದಿದ್ರು,” ಎಂದು ವಿಮಲಮ್ಮ ಒಳಗಿನಿಂದಲೇ ಹೇಳುತ್ತಿದ್ದರು. ಅಲ್ಲಿಗೆ ಬೆಳಗಿನ ಪೂಜೆ ಮುಗಿದ ಹಾಗೆ.

ಎಂಟು ವರ್ಷದ ಹಿಂದೆ ಒಂದು ದಿನ ವಿಮಲಮ್ಮ ಹಲ್ಲುಕಡ್ಡಿ ಹಿಡಿದು ಒಂದು ಹೂವಿನ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದರು. ಎಲೆಯ ಮೇಲೆ ಹುಲಿಪಟ್ಟೆಯಿದ್ದ ಗಿಡದ ಹೂವಿನಿಂದ ಹಳದಿ ಪರಾಗದ ಮುದ್ದೆ ತೆಗೆದು, ಉದ್ದ ಎಸಳಿನ ಇನ್ನೊಂದು ಹೂವಿನ ಚೀಲದ ಹಿಂದೆ ಮೆತ್ತಬೇಕಾಗಿತ್ತು. ಗೌಡರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು.

“ಜಾತಕ ನೋಡಿದ್ಯೇನೇ?”

“ಕೈ ನಡುಗಿಸ್ಬೇಡಿ, ಆಚೆ ಹೋಗಿ.”

“ಹುಡುಗನ ಕಡೆಯೋರು ಏನಂತಾರೆ?”

ವಿಮಲಮ್ಮ ಪರಾಗ ಮೆತ್ತಿ ಕಡ್ಡಿಯನ್ನು ಹಿಂದಕ್ಕೆಳೆದರು. ಸಂಬಂಧ ಕೂಡಿತು. ಹೂ ಬಾಡಿ, ಅದರ ತೊಟ್ಟು ಕಿರುಬೆರಳಿನಷ್ಟು ದಪ್ಪಗಾಯಿತು. ಹತ್ತು ತಿಂಗಳು ಕಾದರು. ಬೀಜವೋ, ಮುಖಕ್ಕೆ ಹಾಕುವ ಪೌಡರಿಗಿಂತ ಸಣ್ಣ. ಅದು ನೆಲದಲ್ಲಿ ಸುಮ್ಮನೆ ಮೊಳೆಯುವುದಲ್ಲ, ಪ್ರಯೋಗಶಾಲೆಯಲ್ಲಿ ಗಾಜಿನ ಬಾಟಲಿಯೊಳಗೆ ಮೊಳೆಸಬೇಕು. ಕಾಯನ್ನು ಹತ್ತಿಯಲ್ಲಿ ಸುತ್ತಿ ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿದರು. ಎರಡು ವರ್ಷ ಬಿಟ್ಟು ಒಂದು ಬಾಟಲಿ ಬಂತು. ಅದರೊಳಗೆ ಅಂಟಿನಂಥ ಲೋಳೆಯಲ್ಲಿ ಬೇರೂರಿ ಇಪ್ಪತ್ತೆರಡು ಹಸಿರು ಎಳೆಗಳು ನಿಂತಿದ್ದವು.

ಗೌಡರು ಅದನ್ನು ಉಪ್ಪಿನಕಾಯಿ ಬಾಟಲಿಯ ಹಾಗೆ ಬೆಳಕಿಗೆ ಹಿಡಿದು ನೋಡಿ, “ಉಪ್ಪು ಸರಿಯಾಗಿ ಹಿಡ್ದಿದ್ಯಾ?” ಎಂದರು.

ಇಪ್ಪತ್ತೆರಡನ್ನೂ ತೊಳೆದು ಪುಟ್ಟ ಪುಟ್ಟ ಕುಂಡಗಳಲ್ಲಿ ಕೂರಿಸಿದ್ದಾಯಿತು. ಆ ವರ್ಷದ ಮಳೆಗಾಲ ಅರ್ಧ ತಿಂದುಹಾಕಿತು. ಒಂದು ವಾರ ಬಿಸಿಲು ಕಾಣದೆ ಹೋದರೆ ಎಳೆಗಿಡದ ಸುಳಿಯೇ ಕೊಳೆತು ಕೈಗೆ ಬರುತ್ತಿತ್ತು. ಉಳಿದ ಕೆಲವನ್ನು ಚಿಪ್ಪಿಲ್ಲದ ಬಸವನಹುಳದಂಥ ಗೊಂಡೆಹುಳ ಮೇಯ್ದವು. ಮೂರನೇ ವರ್ಷಕ್ಕೆ ನಿಂತದ್ದು ಐದು. ವಿಮಲಮ್ಮ ಒಂದೊಂದು ಸತ್ತಾಗಲೂ ಅದರ ಕುಂಡವನ್ನು ತೊಳೆದು ಬೋರಲು ಹಾಕುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಗೌಡರು ತಮಾಷೆ ಮಾಡುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಪೇಪರನ್ನು ಹಿಂದಿನಿಂದ ಮುಂದಕ್ಕೆ ಓದುತ್ತಿದ್ದರು.

ಆ ಐದು ಉಳಿದಿರುವಾಗಲೇ ವಿಮಲಮ್ಮನವರ ಮಂಡಿ ಕೈಕೊಟ್ಟಿತು. ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್, ಹತ್ತು ದಿನ ಅಲ್ಲೇ. ಸೊಸೆ ಶಾಲಿನಿ ಅತ್ತೆಯ ಜೊತೆಗೆ ಹೋದಳು. ಮಗ ದಿಲೀಪ ತೋಟಕ್ಕೆ ಔಷಧಿ ಹೊಡೆಸುವುದರಲ್ಲಿ ಮುಳುಗಿದ್ದ. ಹೀಗಾಗಿ ಚಪ್ಪಲಿಗಳ ಜವಾಬ್ದಾರಿ ಗೌಡರ ತಲೆಗೆ ಬಂತು.

ಮೊದಲ ದಿನ ಬೆಳಿಗ್ಗೆ ಏಳಕ್ಕೇ ಫೋನು. “ಮಳೆನೀರಿನ ಡ್ರಮ್ಮಿಂದ ಹಾಕಿ, ಬೋರಿಂದಲ್ಲ. ಸುಳಿಗೆ ಬೀಳ್ಬಾರ್ದು, ಬುಡಕ್ಕೆ. ಅಕಸ್ಮಾತ್ ಸುಳಿಗೆ ಬಿದ್ರೆ ಹತ್ತಿಕಡ್ಡೀಲಿ ಒರೆಸಿ.”

“ಯಾರು, ನಾನಾ?”

“ಮತ್ತೆ ರೈಟ್ರು ಲಕ್ಕಯ್ಯ ಒರೆಸ್ತಾನಾ?”

ಗೌಡರು ತಮ್ಮ ಮಗನ ಮೂಗನ್ನೂ ಒರೆಸಿದವರಲ್ಲ. ಅಂಥವರು ಸೊಂಟಕ್ಕೆ ಕೈಕೊಟ್ಟು ಬಗ್ಗಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಎರಡು ಎಲೆಗಳ ಸಂದಿನಲ್ಲಿ ನಿಂತ ಒಂದು ಹನಿ ನೀರನ್ನು ಹತ್ತಿಕಡ್ಡಿಯಿಂದ ಹೀರಿಸಿದರು. ಮಾರನೇ ದಿನವೂ. ಮೂರನೇ ದಿನ ನಾಲ್ಕನೇ ಕುಂಡದ ಎಲೆಯ ಅಂಚಿನಲ್ಲಿ ಕಂದು ಚುಕ್ಕೆ ಕಂಡಿತು. ಗೌಡರು ಹತ್ತಿಕಡ್ಡಿ ಕೆಳಗಿಟ್ಟರು. ಹಾಸನಕ್ಕೆ ಫೋನು ಮಾಡಿ, “ನಿನ್ನ ಮಂಡಿ ಹ್ಯಾಗಿದೆ?” ಎಂದು ಶುರುಮಾಡಿ, ಉತ್ತರ ಮುಗಿಯುವ ಮೊದಲೇ, “ಅಲ್ಲಾ, ಚುಕ್ಕೆ ಬಿದ್ರೆ ಏನ್ಮಾಡ್ಬೇಕು?” ಎಂದರು. ಬ್ಲೇಡನ್ನು ಬಿಸಿಮಾಡಿ ಚುಕ್ಕೆಯ ಭಾಗ ಕತ್ತರಿಸಿ, ಗಾಯಕ್ಕೆ ಚಕ್ಕೆಪುಡಿ ಹಚ್ಚಬೇಕು ಎಂದು ಅತ್ತ ಕಡೆಯಿಂದ ಅಪ್ಪಣೆಯಾಯಿತು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೂಸಿ ಚಕ್ಕೆಪುಡಿ ಹುಡುಕಿ ಹಚ್ಚಿದರು. ವಿಮಲಮ್ಮ ಊರುಗೋಲು ಹಿಡಿದು ವಾಪಸು ಬಂದಾಗ ಐದಕ್ಕೆ ಐದೂ ಇದ್ದವು. ಮನೆ ಹೊಗುವ ಮೊದಲು ಅವರು ನೋಡಿದ್ದು ಅದನ್ನೇ.

“ಪರ್ವಾಗಿಲ್ವೇ,” ಎಂದರು.

“ಚಪ್ಪಲಿ ಕಾಯೋದು ಏನ್ ಮಹಾ! ದೇವಸ್ಥಾನದ ಮುಂದೆ ಎಷ್ಟು ಜನ ಕಾಯಲ್ಲ?” ಎಂದರು ಗೌಡರು.

ಹೋದ ವರ್ಷಕ್ಕೂ ಹಿಂದಿನ ವರ್ಷದ ನವೆಂಬರಿನಲ್ಲಿ, ಕಾಫಿ ಹಣ್ಣು ಕೀಳುವ ಗಡಿಬಿಡಿ ಶುರುವಾಗಿದ್ದ ದಿನಗಳಲ್ಲೇ, ಐದರಲ್ಲಿ ಒಂದು ಗಿಡ ಮೊಗ್ಗು ತೋರಿಸಿತು. ಎಲೆಗಳ ನಡುವೆ ಅಕ್ಕಿಕಾಳಿನಷ್ಟು ಹಸಿರು ಮೂತಿ. ಶಾಲಿನಿ ಆ ಸಂಜೆ ಫೋನಿನಲ್ಲಿ ಏನೇನೋ ಓದಿ, “ಅತ್ತೇ! ಈ ಜೋಡಿಯಿಂದ ಇದುವರೆಗೆ ಯಾರೂ ಗಿಡ ಮಾಡಿಲ್ಲ. ಹೊಸ ತಳಿ ಮಾಡಿದೋರು ಅದಕ್ಕೆ ಹೆಸರಿಡಬಹುದು. ಇಂಗ್ಲೆಂಡಿನ ಒಂದು ದೊಡ್ಡ ಪಟ್ಟೀಲಿ ಸೇರಿಸ್ತಾರೆ. ಪ್ರಪಂಚ ಇರೋವರೆಗೂ ಇರುತ್ತೆ!” ಎಂದಳು.

ಆ ಮಾತು ತೋಟದ ಗೇಟು ದಾಟಿ ಹೋಗುವುದಕ್ಕೆ ಎರಡು ದಿನವೂ ಬೇಕಾಗಲಿಲ್ಲ.

ಮೊದಲು ಬಂದವಳು ಗೌಡರ ತಂಗಿ ರೇವತಿ, ಕಳಸದಿಂದ. ಅಣ್ಣನ ಮನೆಗೆ ವರ್ಷಕ್ಕೊಂದು ಸಲ, ಅದೂ ಊಟದ ಹೊತ್ತಿಗೆ ಬಂದು ಊಟ ಮುಗಿಸಿ ಹೊರಡುವವಳು, ಆ ಸಲ ಮೂರು ದಿನ ಉಳಿದಳು. ಮಿಡಿ ಉಪ್ಪಿನಕಾಯಿಯ ಭರಣಿ, ಹಲಸಿನ ಹಪ್ಪಳದ ಕಟ್ಟು, ಅತ್ತಿಗೆಯ ಮಂಡಿಗೆ ಎಣ್ಣೆ, ಎಲ್ಲ ತಂದಿದ್ದಳು. ಮಂಡಿಗೆ ಎಣ್ಣೆ ತಿಕ್ಕುತ್ತಾ, “ಅತ್ತಿಗೆ, ರೇವತಿ ಅಂತ ನಕ್ಷತ್ರವೇ ಇದೆ ನೋಡಿ. ಹೂವಿಗೆ ಎಷ್ಟು ಹೊಂದುತ್ತೆ,” ಎಂದಳು. ಶಾಲಿನಿಯ ಕಣ್ಣು ತಾನು ಹೊಸದಾಗಿ ತೆರೆದಿದ್ದ ಹೋಂಸ್ಟೇ ಮೇಲಿತ್ತು. ಅದರ ಹೆಸರೇ ಹೂವಿಗೂ ಇದ್ದರೆ ಬೋರ್ಡಿನ ಮೇಲೆ ಹೂವಿನ ಚಿತ್ರ ಹಾಕಬಹುದಿತ್ತು. ಅತ್ತೆಗೆ ಸಂಜೆ ನಾಲ್ಕಕ್ಕೆ ಸರಿಯಾಗಿ ಬಿಸಿ ಕಾಫಿ ಬರತೊಡಗಿತು. ಮೂಡಿಗೆರೆಯ ಹೆಂಗಸರ ತೋಟಗಾರಿಕೆ ಸಂಘದ ಅಧ್ಯಕ್ಷೆ ಮೋನಿಕಾ ಮೇಡಂ ಜೀಪು ಮಾಡಿಕೊಂಡು ಬಂದು, ಕೇಕು ಕೊಟ್ಟು, “ಯಾರದೋ ಹೆಸರಿಗಿಂತ ಸಂಘದ ಹೆಸರಾದ್ರೆ ಯಾರಿಗೂ ಬೇಜಾರಿರಲ್ಲ, ಅಲ್ವಾ ವಿಮಲಮ್ಮ?” ಎಂದರು.

ವಿಮಲಮ್ಮ ಎಲ್ಲರಿಗೂ ಒಂದೇ ಮಾತು ಹೇಳಿದರು. “ಹೂ ಬಿಡ್ಲಿ, ನೋಡೋಣ.”

ಗೌಡರಿಗೆ ಇದೆಲ್ಲ ಬಲು ಮೋಜೆನಿಸಿತು. ಹಪ್ಪಳ ಕರಿಸಿಕೊಂಡು ತಿಂದರು, ಕೇಕು ತಿಂದರು. “ಇನ್ನೂ ನಾಲ್ಕು ಮೊಗ್ಗು ಬರ್ಲಿ, ನಮಗೆ ಅಡುಗೆ ಮಾಡೋ ಕೆಲಸವೇ ಇರಲ್ಲ,” ಎಂದರು. ಆದರೆ ಡಿಸೆಂಬರ್ ಅರ್ಧ ಕಳೆಯುವ ಹೊತ್ತಿಗೆ ಅವರ ಮೋಜಿಗೆ ಎಲ್ಲೋ ಒಂದು ಸಣ್ಣ ಸಿಬಿರು ಚುಚ್ಚಿತು. ಯಾರು ಯಾರದೋ ಹೆಸರು ಬಂತು. ರೇವತಿಯ ಮೊಮ್ಮಗಳ ಹೆಸರೂ ಬಂತು. ಶಾಲಿನಿಯ ನಾಯಿಯ ಹೆಸರನ್ನೂ ಯಾರೋ ನಗುತ್ತಾ ಹೇಳಿದರು. ಈ ಮನೆಯಲ್ಲಿ ಪುಟ್ಟಸ್ವಾಮಿ ಎಂಬೊಬ್ಬ ಮನುಷ್ಯ ಇದ್ದಾನೆ ಎಂಬುದು ಯಾರಿಗೂ ನೆನಪಾದಂತೆ ಕಾಣಲಿಲ್ಲ.

ಒಂದು ಸಂಜೆ ಕಣದಲ್ಲಿ ಹಣ್ಣಿನ ಮೂಟೆ ತೂಗಿಸುತ್ತಾ ಗೌಡರು ಕೆಮ್ಮಿದರು. “ಲಕ್ಕಯ್ಯ, ಈ ಹೂವಿಗೆ ಹೆಸ್ರಿಡೋದು ಅಂದ್ರೆ ಹೆಂಗಸ್ರದ್ದೇ ಆಗ್ಬೇಕು ಅಂತ ಏನಾದ್ರೂ ಉಂಟಾ?”

ತೋಟದ ಲೆಕ್ಕ ಬರೆಯುವ ರೈಟರ್ ಲಕ್ಕಯ್ಯ ಮೂವತ್ತು ವರ್ಷದಿಂದ ಗೌಡರ ಕೆಮ್ಮನ್ನು ಬಲ್ಲವನು. “ಇಲ್ಲ ಗೌಡ್ರೇ, ಗಂಡಸ್ರದ್ದೂ ಇಡ್ತಾರಂತೆ.”

“ಚಿಕ್ಕ ಹೆಸ್ರಾದ್ರೆ ಒಳ್ಳೇದು. ಈಗ ನೋಡು, ಪುಟ್ಟ ಅಂದ್ರೇನೇ ಚಿಕ್ಕದು.”

“ಹೌದು ಹೌದು. ಯಾರ ಹೆಸ್ರು ಗೌಡ್ರೇ ಅದು?”

ಗೌಡರು ಅವನ ಮುಖ ದಿಟ್ಟಿಸಿದರು. ಮುಖದಲ್ಲಿ ನಗು ಇರಲಿಲ್ಲ, ಮೂತಿಯ ಹತ್ತಿರ ಮಾತ್ರ ಏನೋ ಅಲುಗುತ್ತಿತ್ತು. “ತೂಕ ನೋಡು, ತೂಕ,” ಎಂದರು ಗೌಡರು.

ಮೊಗ್ಗು ಯಾರ ಅವಸರಕ್ಕೂ ಜಗ್ಗಲಿಲ್ಲ. ಎರಡು ತಿಂಗಳು ಒಂದೊಂದು ಅಂಗುಲ ಮೇಲೇರಿತು. ಜನವರಿಯ ಒಂದು ಶನಿವಾರ ಬೆಳಿಗ್ಗೆ ವಿಮಲಮ್ಮ ಫೋನು ಮಾಡಿ ಎಲ್ಲರಿಗೂ ಹೇಳಿದರು. ಹನ್ನೊಂದು ಗಂಟೆಗೆ ಹೆಸರಿಗಾಗಿ ಕಾದಿದ್ದ ಮೂವರೂ ನೆರಳುಬಲೆಯ ಕೆಳಗೆ ಸೇರಿದರು. ರೇವತಿ ಹೊಸ ಸೀರೆ ಉಟ್ಟು ಬಂದಿದ್ದಳು. ವಿಮಲಮ್ಮ ಕುಂಡವನ್ನು ತಿರುಗಿಸಿ ಮುಂದಕ್ಕೆ ಸರಿಸಿದರು.

ಮೂವರೂ ಒಟ್ಟಿಗೆ ಬಗ್ಗಿದರು.

ಹೂವಿನ ಬಣ್ಣ ಬೇಯಿಸಿದ ಗೆಣಸಿನ ಸಿಪ್ಪೆಯ ಬಣ್ಣ. ನೆಟ್ಟಗೆ ಹೆಡೆಯೆತ್ತಿ ನಿಲ್ಲಬೇಕಾಗಿದ್ದ ಹಿಂದಿನ ಎಸಳು ಚಳಿಗೆ ಮುದುಡಿದಂತೆ ಮುಂದಕ್ಕೆ ಬಗ್ಗಿತ್ತು. ಎರಡು ಪಕ್ಕದ ಎಸಳುಗಳು ಇಳಿಬಿದ್ದು, ಅಂಚಿನ ತುಂಬ ಕೂದಲು, ನಡುನಡುವೆ ಕಪ್ಪು ನರುಲಿ. ಎಲ್ಲಕ್ಕಿಂತ ಕೆಳಗೆ ಆ ಚೀಲ, ದುಂಡಗೆ, ನಿಶ್ಚಿಂತೆಯಿಂದ ಜೋತುಬಿದ್ದಿತ್ತು.

ಮೊದಲು ಚೇತರಿಸಿಕೊಂಡವರು ಮೋನಿಕಾ ಮೇಡಂ. “ತುಂಬಾ... ಅಪರೂಪವಾಗಿದೆ. ಆದ್ರೆ ಸಂಘದ ಹೆಸರು ಬಳಸ್ಬೇಕು ಅಂದ್ರೆ ಸದಸ್ಯರೆಲ್ಲ ಒಪ್ಪಬೇಕಲ್ಲ. ಮುಂದಿನ ಸಭೆ ಯಾವಾಗ್ಲೋ.”

“ಅತ್ತೆ, ಹೋಂಸ್ಟೇ ಬೋರ್ಡು ಹೇಗೂ ಬರೆಸಿ ಆಗಿದೆ. ಮತ್ತೆ ಬದಲಾಯಿಸೋದು ಯಾಕೆ?” ಎಂದಳು ಶಾಲಿನಿ.

ರೇವತಿ ಇನ್ನೂ ಹೂವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಗೌಡರು ಕಣದಿಂದ ಎದ್ದು, ಏನಾಯಿತು ನೋಡೋಣವೆಂದು ಒಳಗೆ ಬಂದರು. ತಲೆಗೆ ಕಂದು ಬಣ್ಣದ ಮಂಗನಟೋಪಿ, ಹಣೆಯ ಮೇಲೆ ಮುಂದಕ್ಕೆ ಜಾರಿತ್ತು. ಅದರ ಕೆಳಗೆ ಇಳಿಬಿದ್ದ ಮೀಸೆ. ಕೆನ್ನೆಯ ಮೇಲೆ ಬಹಳ ವರ್ಷದಿಂದ ಇದ್ದ ಎರಡು ನರುಲಿ. ಹಳೆಯ ಕಂದು ಸ್ವೆಟರಿನೊಳಗೆ ಹೊಟ್ಟೆ ದುಂಡಗೆ ಮುಂದೆ ಬಂದಿತ್ತು. ಅವರು ಬಂದು ಸರಿಯಾಗಿ ಕುಂಡದ ಪಕ್ಕದಲ್ಲೇ ನಿಂತರು.

ರೇವತಿ ಹೂವನ್ನು ನೋಡಿದಳು, ಅಣ್ಣನನ್ನು ನೋಡಿದಳು. ಮತ್ತೆ ಹೂವನ್ನು ನೋಡಿ ಸೆರಗು ಬಾಯಿಗೆ ತುರುಕಿಕೊಂಡಳು. “ಅಯ್ಯೋ ಅತ್ತಿಗೆ! ಇದು ನಮ್ಮಣ್ಣ ಕಣದಲ್ಲಿ ಕೂತ ಹಾಗೇ ಇದೆಯಲ್ರೀ!”

ಶಾಲಿನಿ ಬೆನ್ನು ತಿರುಗಿಸಿ ನಿಂತಳು. ಅವಳ ಭುಜ ಕುಣಿಯುತ್ತಿತ್ತು. ಮೋನಿಕಾ ಮೇಡಂ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಪುನಃ ತೆಗೆದು ಒರೆಸಿದರು. ಗೌಡರು ಹೂವಿನ ಕಡೆ ತಿರುಗಿ ಒಂದು ಗಳಿಗೆ ದುರುಗುಟ್ಟಿದರು. “ನಗೋಕೇನಿದೆ ಇದ್ರಲ್ಲಿ?” ಎಂದು ಟೋಪಿ ಕಿತ್ತುಕೊಂಡು ಹೊರನಡೆದರು.

ಅವತ್ತು ಮಧ್ಯಾಹ್ನ ಅವರು ಹಪ್ಪಳ ಮುಟ್ಟದೆ ಊಟ ಮುಗಿಸಿದರು. ನೆಂಟರೆಲ್ಲ ಹೋದ ಮೇಲೆ ಜಗಲಿಯ ಕಂಬಕ್ಕೆ ನೇತುಹಾಕಿದ್ದ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಮೀಸೆಯ ತುದಿಯನ್ನು ಎರಡು ಬೆರಳಿನಿಂದ ಮೇಲೆತ್ತಿದರು. ಬೆರಳು ಬಿಟ್ಟ ಕೂಡಲೇ ಅದು ಕೆಳಗಿಳಿಯಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನೆರಳುಬಲೆಯ ಕಡೆ ಹೊರಟರು.

ವಿಮಲಮ್ಮ ಅಲ್ಲೇ ಮಣೆಯ ಮೇಲೆ ಕೂತು ತೊಗಟೆ ಚೂರು ಆರಿಸುತ್ತಿದ್ದರು. ಗೌಡರು ಬೇರೇನೋ ಕೆಲಸಕ್ಕೆ ಬಂದವರ ಹಾಗೆ ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ನೋಡಿ ಮುಚ್ಚಿದರು.

“ಇಷ್ಟೆಲ್ಲ ಮಾಡಿ ಇದು ಹೀಗ್ಯಾಕಾಯ್ತು?”

“ಹೀಗೆ ಅಂದ್ರೆ?”

“ಯಾರಿಗೂ ಹಿಡಿಸ್ಲಿಲ್ಲ.”

“ನನಗೆ ಹಿಡಿಸ್ತು. ಏಳು ವರ್ಷ ಕಾದಿದೀನಿ, ಬಂತಲ್ಲ, ಅಷ್ಟೇ ಸಾಕು.” ವಿಮಲಮ್ಮ ಒಂದು ಚೂರು ಮೂಸಿ ನೋಡಿ ಪಕ್ಕಕ್ಕೆಸೆದರು. “ಚೆಲುವು ಹುಡುಕಿಕೊಂಡು ಹೋದೋಳಲ್ಲ ನಾನು. ಮದುವೆ ದಿನವೇ ಗೊತ್ತಾಗಿರ್ಬೇಕಲ್ಲ ನಿಮಗೆ.”

ಗೌಡರು ಇದನ್ನು ಕೇಳಿಸಿಕೊಳ್ಳದವರಂತೆ ಹೂವಿನ ಹತ್ತಿರ ಬಗ್ಗಿದರು. ಬೆಳಿಗ್ಗೆ ಕಂದು ಎಂದು ಕಂಡದ್ದರಲ್ಲಿ ಈಗ ಓರೆಬಿಸಿಲಿಗೆ ಜೇನಿನ ಬಣ್ಣವೂ ಇತ್ತು. ಕೂದಲುಗಳ ತುದಿ ಮಿನುಗುತ್ತಿತ್ತು. ಇದು ಯಾವ ಕುಂಡ ಎಂದು ಕೇಳಬೇಕಾಗಿರಲಿಲ್ಲ. ಬುಡದ ಎಲೆಯೊಂದರ ಅಂಚು ನೇರವಾಗಿ ಕತ್ತರಿಸಿದ ಹಾಗಿತ್ತು. ಆ ಬ್ಲೇಡು ಹಿಡಿದ ಕೈ ಅವರದೇ.

“ಹೆಸ್ರೇನು ಮಾಡ್ದೆ?”

“ಕೇಳಿದೋರೆಲ್ಲ ಬೇಡ ಅಂದ್ರಲ್ಲ. ಖಾಲಿ ಇದೆ.”

“ಇನ್ಯಾರೂ ಇಲ್ವಾ?”

“ಇದ್ದಾರೇನೋ. ಅವ್ರು ಕೇಳಿಲ್ಲ.”

“ಕೇಳ್ದೆ ಕೊಡ್ಬಾರ್ದು ಅಂತ ರೂಲ್ಸಾ?”

“ಇಂಗ್ಲೆಂಡಿಂದಲ್ಲ, ನನ್ನ ರೂಲ್ಸು.” ವಿಮಲಮ್ಮ ತಲೆಯೆತ್ತಿದರು. ಮುಖ ಗಂಭೀರವಾಗಿತ್ತು, ಕಣ್ಣು ಮಾತ್ರ ಅಲ್ಲ. “ಏಳು ವರ್ಷದಿಂದ ಜಗಲೀಲಿ ಕೂತು ಆಡ್ಕೊಂಡೋರು ಒಂದು ಸಲ ಬಾಯಿಬಿಟ್ಟು ಕೇಳ್ಲಿ. ನಾನೇನು ಬೇಡ ಅಂತೀನಾ?”

ಗೌಡರು ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ತೋಟದ ಸಾಲಕ್ಕೆ ಬ್ಯಾಂಕಿನ ಮ್ಯಾನೇಜರನ ಮುಂದೆ ಕೂತಾಗಲೂ ಅವರ ನಾಲಿಗೆ ಇಷ್ಟು ಒಣಗಿರಲಿಲ್ಲ.

“ನನ್ನ ಹೆಸ್ರೇ ಇಡು ಮಾರಾಯ್ತಿ.”

“ಯಾವುದಕ್ಕೆ?”

“ಅದೇ... ಆ ಚಪ್...” ಗೌಡರು ನುಂಗಿಕೊಂಡರು. “ಆರ್ಕಿಡ್ಡಿಗೆ.”

ವಿಮಲಮ್ಮ ಆಮೇಲೆ ಕಾಡಿಸಲಿಲ್ಲ. ತೊಗಟೆಯ ಬುಟ್ಟಿ ಕೆಳಗಿಟ್ಟು, ಗಂಡನ ಕೈ ಹಿಡಿದು ಮೆಲ್ಲಗೆ ಎದ್ದರು. “ಹಾಸನದಲ್ಲಿ ಮಲಗಿದಾಗ ಒಂದೂ ಉಳಿಯಲ್ಲ ಅಂತ್ಲೇ ಅಂದ್ಕೊಂಡಿದ್ದೆ,” ಎಂದರು. “ಬಂದು ನೋಡಿದ ದಿನವೇ ಹೆಸ್ರು ತೀರ್ಮಾನ ಆಗಿತ್ತು ಕಣ್ರೀ. ಹಪ್ಪಳ ಬರ್ತಿತ್ತಲ್ಲ, ಅದಕ್ಕೆ ಬಾಯಿಬಿಡ್ಲಿಲ್ಲ.”

ಅರ್ಜಿಯನ್ನು ಶಾಲಿನಿಯೇ ತುಂಬಿದಳು. ಮೇ ತಿಂಗಳಲ್ಲಿ ಒಪ್ಪಿಗೆಯ ಮೇಲ್ ಬಂತು. ಗೌಡರು ಅದನ್ನು ಗೋಣಿಬೀಡಿಗೆ ಹೋಗಿ ಪ್ರಿಂಟ್ ತೆಗೆಸಿದರು, ಎರಡು ಪ್ರತಿ.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಈ ವರ್ಷದ ಜನವರಿಯಲ್ಲಿ ಉಳಿದ ನಾಲ್ಕರಲ್ಲಿ ಇನ್ನೊಂದು ಅರಳಿತು. ಒಂದೇ ಕಾಯಿಯ ಬೀಜ, ಒಂದೇ ಬಾಟಲಿಯ ಮಗು. ಆದರೆ ನೋಡಿದವರು ಹಾಗೆನ್ನುವಂತಿರಲಿಲ್ಲ. ಹಾಲುಬಿಳಿಯ ಹಿಂದಿನ ಎಸಳು ನೆಟ್ಟಗೆ ನಿಂತು, ಅದರ ತುಂಬ ಗುಲಾಬಿ ಗೆರೆ. ಪಕ್ಕದ ಎಸಳುಗಳು ರಂಗೋಲಿಯ ಬಳ್ಳಿಯಂತೆ ಬಾಗಿದ್ದವು. ಚೀಲವಂತೂ ಮದುಮಗಳ ಕಾಲಿನದು.

ಸುದ್ದಿ ಕೇಳಿ ರೇವತಿ ಬೆಳಗಿನ ಮೊದಲ ಬಸ್ಸಿಗೇ ಕಳಸದಿಂದ ಹೊರಟು ಬಂದಳು. ಹೂವಿನ ಮುಂದೆ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡಳು. “ಅತ್ತಿಗೆ, ಹೋದ್ವರ್ಷದ ಮಾತು ಮರೀರಿ. ಇದಕ್ಕೆ ನನ್ನ ಹೆಸ್ರಿಡಿ.”

“ಆಗಲ್ವಲ್ಲ ರೇವತಿ. ಒಂದು ಜೋಡಿಗೆ ಒಂದೇ ಹೆಸ್ರು. ಅದರ ಮಕ್ಕಳೆಷ್ಟಿದ್ರೂ ಎಲ್ಲ ಅದೇ. ಇದು ಇಂಗ್ಲೆಂಡಿನ ರೂಲ್ಸು.”

“ಅಂದ್ರೆ?”

“ಇದೂ ಪುಟ್ಟಸ್ವಾಮಿನೇ.”

ರೇವತಿ ಅಣ್ಣನ ಕಡೆ ನೋಡಿದಳು. ಗೌಡರು ಏನೂ ತಿಳಿಯದವರ ಹಾಗೆ ಮೀಸೆ ನೀವಿಕೊಂಡರು. “ನಿನಗೆ ಬೇಕಾದ್ರೆ ಒಂದು ಫೋಟೋ ತಕ್ಕೋ,” ಎಂದರು ಉದಾರವಾಗಿ.

ಮೋನಿಕಾ ಮೇಡಂ ಮೂಡಿಗೆರೆಯ ಪುಷ್ಪ ಪ್ರದರ್ಶನದಲ್ಲಿ ಆ ಗಿಡವನ್ನು ನಡುಮೇಜಿನ ಮೇಲಿಟ್ಟರು. ಅದರ ಚಿತ್ರ ಎಲ್ಲೆಲ್ಲಿಗೋ ಹೋಗಿ, ಆರ್ಕಿಡ್ ಬೆಳೆಸುವವರಿಂದ ವಿಮಲಮ್ಮನವರಿಗೆ ಫೋನು ಬರತೊಡಗಿತು. ಯಾರಿಗೋ ಒಬ್ಬರಿಗೆ, ಶಿರಸಿಯ ಒಬ್ಬ ಹೆಣ್ಣುಮಗಳಿಗೆ, ಅದರ ಬುಡದಿಂದ ಒಡೆದಿದ್ದ ಒಂದು ಸಣ್ಣ ಮರಿಗಿಡವನ್ನೂ ಕೊಟ್ಟರು. ಹೋದ ಭಾನುವಾರ ಬೆಳಿಗ್ಗೆ ಆಕೆಯ ಫೋನು ಬಂದಾಗ ಗೌಡರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ವಿಮಲಮ್ಮನವರ ಮಾತು ಕಿಟಕಿಯಿಂದ ನೇರವಾಗಿ ಕಿವಿಗೆ ಬೀಳುತ್ತಿತ್ತು.

“ಪುಟ್ಟಸ್ವಾಮಿಗೆ ಜಾಸ್ತಿ ಬಿಸಿಲು ಆಗಲ್ಲ ಕಣಮ್ಮ, ನೆರಳಲ್ಲಿ ಕೂರಿಸ್ಬೇಕು... ಹೂಂ... ಇಲ್ಲ, ಜಾಗ ಬದಲಾಯಿಸ್ಬೇಡಿ, ಬದಲಾಯಿಸಿದ್ರೆ ಒಂದು ವರ್ಷ ಮುಖ ಊದಿಸ್ಕೊಂಡು ಕೂತಿರ್ತಾನೆ... ಗೊಬ್ಬರ ಸ್ವಲ್ಪ ಸಾಕು. ಎಷ್ಟು ಹಾಕಿದ್ರೂ ಬೇಕು ಅಂತಾನೆ, ನಾವೇ ಕೈ ಬಿಗಿ ಹಿಡೀಬೇಕು... ಏನು? ಹೂವಾ? ಬರುತ್ತೆ ಬರುತ್ತೆ. ತಡ ಆಗುತ್ತೆ, ಅಷ್ಟೇ. ಒಳಗೆ ಒಳ್ಳೇವ್ನು.”

ಗೌಡರು ಪೇಪರನ್ನು ಮುಖದ ಮೇಲಕ್ಕೆ ಏರಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಪೇಪರಿನ ಹಿಂದಿನಿಂದಲೇ, “ಅವ್ರಿಗೆ ಹೇಳು, ಬೋರಿನ ನೀರು ಹಾಕ್ಬೇಡಿ ಅಂತ,” ಎಂದು ಕೂಗಿದರು.